ಹದಿನಾಲ್ಕನೆಯ ಹಾಳೆ

ಸೋಮವಾರಪೇಟೆ
20 ಜುಲೈ 2025

ಚಿ. ಅನಘಾಳಿಗೆ,

ನಿನ್ನೆ ರಾತ್ರಿ ನೀನು ಮಾತು ಅರ್ಧ ಮುಗಿಸುವಷ್ಟರಲ್ಲಿ ಇಲ್ಲಿ ಕರೆಂಟು ಹೋಯಿತು. ಅದರ ಬೆನ್ನಿಗೇ ಟವರೂ ಹೋಯಿತು. ಬೆಳಿಗ್ಗೆ ಎದ್ದು ನೋಡಿದರೂ ಫೋನಿನಲ್ಲಿ ಒಂದು ಗೆರೆಯೂ ಇಲ್ಲ. ಪುನರ್ವಸು ಮುಗಿದು ಪುಷ್ಯ ಹಿಡಿಯುವ ಹೊತ್ತಿನ ಮಳೆ ಹೇಗಿರುತ್ತದೆಂದು ನಿನಗೆ ಗೊತ್ತೇ ಇದೆ. ಲೈನ್‌ಮ್ಯಾನ್ ಬರುವುದು ಯಾವಾಗಲೋ. ಕಾಯುತ್ತಾ ಕೂರುವುದಕ್ಕಿಂತ ಕಾಗದ ಬರೆಯುವುದೇ ಮೇಲು ಅಂದುಕೊಂಡೆ. ಮೈಸೂರಿಗೆ ಮೂರು ದಿನದಲ್ಲಿ ತಲುಪುತ್ತದೆ, ಆ ಲೆಕ್ಕ ನನಗೆ ಇನ್ನೂ ತಪ್ಪುವುದಿಲ್ಲ.

ನನಗೆ ಕೇಳಿಸಿದ್ದು ಇಷ್ಟು: ನಿನ್ನ ಕಾರಿನ ಇನ್ಶೂರೆನ್ಸ್ ಆಗಸ್ಟ್ 14ಕ್ಕೆ ಮುಗಿಯುತ್ತದೆ, ಹಳೇ ಕಂಪನಿಯವರು ತಾವಾಗಿಯೇ ಅದನ್ನು ಮುಂದುವರಿಸಿ ನಿನ್ನ ಖಾತೆಯಿಂದ 11,400 ರೂಪಾಯಿ ತೆಗೆದುಕೊಳ್ಳುತ್ತೇವೆಂದು ಮೆಸೇಜು ಕಳಿಸಿದ್ದಾರೆ, ಹೋದ ವರ್ಷ ಇದರ ಅರ್ಧದಷ್ಟೂ ಇರಲಿಲ್ಲ, ಮತ್ತು ನೀನು ಯಾರಿಗೂ ಹೂಂ ಅಂದಿಲ್ಲ. "ನಾನು ಹೇಳೇ ಇಲ್ಲ ದೊಡ್ಡಮ್ಮ" ಅಂದೆಯಲ್ಲ, ಆ ದನಿ ರಾತ್ರಿಯೆಲ್ಲ ಕಿವಿಯಲ್ಲೇ ಇತ್ತು. ನಾಲ್ಕು ವರ್ಷದ ಹಿಂದೆ ಬ್ಯಾಂಕಿನ ಕೌಂಟರಿನ ಮುಂದೆ ನಿಂತು ನಾನೂ ಅದೇ ದನಿಯಲ್ಲಿ ಅದೇ ಮಾತು ಹೇಳಿದ್ದೆ. ಅದನ್ನು ನಿನಗೆ ಯಾವತ್ತೂ ಹೇಳಿರಲಿಲ್ಲ. ಈಗ ಹೇಳುತ್ತೇನೆ.

ಅದಕ್ಕೆ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಅಂಚೆ ಕಚೇರಿಯಲ್ಲಿ 33 ವರ್ಷ ಕೂತವಳು ನಾನು. ಸೋಮವಾರ ಸಂತೆಯ ದಿನ ತೋಟದ ಹೆಂಗಸರು ಉಳಿತಾಯ ಖಾತೆಯಿಂದ ದುಡ್ಡು ಬಿಡಿಸಲು ಬರುತ್ತಿದ್ದರು. ಕುಯ್ಲಿನ ಕಾಲವಾದರೆ ಕೈಯೆಲ್ಲ ಕಾಫಿಹಣ್ಣಿನ ಕಪ್ಪು ಕಲೆ. ಸಹಿ ಬಾರದವರ ಹೆಬ್ಬೆರಳನ್ನು ನಾನೇ ಹಿಡಿದು, ಶಾಯಿ ಪ್ಯಾಡಿನ ಮೇಲೆ ಉರುಳಿಸಿ, ಫಾರಮ್ಮಿನ ಮೇಲೆ ಒತ್ತಿಸಬೇಕು. ಕೆಲಸ ಮಾಡಿ ಮಾಡಿ ಎಷ್ಟೋ ಜನರ ಬೆರಳಿನ ಗೆರೆಗಳೇ ಸವೆದುಹೋಗಿ, ಗುರುತು ಬರೀ ಶಾಯಿಯ ಬೊಟ್ಟಿನ ಹಾಗೆ ಬೀಳುತ್ತಿತ್ತು. ಎರಡನೇ ಸಲ, ಮೂರನೇ ಸಲ ಒತ್ತಿಸುತ್ತಿದ್ದೆ. ಪ್ರತಿ ಸಲವೂ ಒತ್ತುವ ಮೊದಲು ಗಟ್ಟಿಯಾಗಿ ಕೇಳುತ್ತಿದ್ದೆ, "ಎಷ್ಟು ತೆಗೀತಾ ಇದ್ದೀಯ ಗೊತ್ತಲ್ಲ ತಾಯಿ? ನಾನೂರು. ಹೂಂ ಅನ್ನು." ಅವರು ಹೂಂ ಅಂದ ಮೇಲೇ ಬೆರಳು ಕಾಗದ ಮುಟ್ಟಬೇಕು. ಅದು ಇಲಾಖೆ ಕಲಿಸಿದ್ದಲ್ಲ. ನನ್ನ ಮೊದಲ ಪೋಸ್ಟ್‌ಮಾಸ್ಟರು ಹಾಗೆ ಮಾಡುತ್ತಿದ್ದರು, ನಾನು ನೋಡಿ ಕಲಿತೆ.

ಇನ್ಶೂರೆನ್ಸಿನ ಕಾಗದಗಳೂ ಆಗ ನಮ್ಮ ಕೈಯ ಮೇಲೆಯೇ ಹೋಗುತ್ತಿದ್ದವು. ಉದ್ದದ ಕಂದು ಲಕೋಟೆ, ಮೂಲೆಯಲ್ಲಿ ಕಂಪನಿಯ ಹೆಸರು. 1973ರಿಂದ ಬಹಳ ವರ್ಷ ದೇಶದಲ್ಲಿ ವಾಹನ ವಿಮೆ ಕೊಡುತ್ತಿದ್ದದ್ದು ನಾಲ್ಕೇ ಸರ್ಕಾರಿ ಕಂಪನಿಗಳು: ನ್ಯಾಷನಲ್, ನ್ಯೂ ಇಂಡಿಯಾ, ಓರಿಯಂಟಲ್, ಯುನೈಟೆಡ್ ಇಂಡಿಯಾ. ದರಪಟ್ಟಿ ಎಲ್ಲರಿಗೂ ಒಂದೇ. ಯಾರ ಹತ್ತಿರ ಮಾಡಿಸಿದರೂ ಬೆಲೆ ಅಷ್ಟೇ ಆದ್ದರಿಂದ ಯಾರೂ ಅಂಗಡಿ ಅಂಗಡಿ ಸುತ್ತುತ್ತಿರಲಿಲ್ಲ. ಪಾಲಿಸಿ ಮುಗಿಯುವ ಮುಂಚೆ ನೋಟೀಸು ಬರುವುದು, ತೋಟದವರು ಅದನ್ನು ಜೇಬಿನಲ್ಲಿಟ್ಟುಕೊಂಡು ಮಡಿಕೇರಿ ಬಸ್ಸು ಹತ್ತುವುದು, ಚೆಕ್ಕು ಕೊಟ್ಟು ಹೊಸ ಪಾಲಿಸಿ ತರುವುದು. ಕಾಲು ನಡೆಯದೆ ರಿನೀವಲ್ ಆಗುತ್ತಿರಲಿಲ್ಲ. 2000ದ ನಂತರ ಖಾಸಗಿ ಕಂಪನಿಗಳು ಬಂದವು. 2007ರ ಜನವರಿಯಿಂದ ವಾಹನದ ಸ್ವಂತ ಹಾನಿಯ ಭಾಗಕ್ಕೆ ದರವನ್ನು ಆಯಾ ಕಂಪನಿಯೇ ಇಟ್ಟುಕೊಳ್ಳಬಹುದೆಂದಾಯಿತು. ಅಂದಿನಿಂದ ಒಂದೇ ಕಾರಿಗೆ ಒಬ್ಬೊಬ್ಬರದು ಒಂದೊಂದು ಬೆಲೆ. ನಾವು ಮಾತ್ರ ಹಳೇ ಕಾಲದವರ ಹಾಗೆಯೇ ಇದ್ದೆವು. ಒಮ್ಮೆ ಒಬ್ಬರನ್ನು ನಂಬಿದರೆ ಮುಗಿಯಿತು, ಅಲ್ಲಿಗೆ ಬಿಟ್ಟುಬಿಡುವುದು.

ನಮ್ಮ ಆಲ್ಟೊ ನಿನಗೆ ನೆನಪಿದೆ. ಬೇಸಿಗೆ ರಜೆಯಲ್ಲಿ ನೀನೂ ನಿನ್ನ ತಮ್ಮನೂ ಹಿಂದಿನ ಸೀಟಿನಲ್ಲಿ ಕೂತು ಮಲ್ಲಳ್ಳಿ ಜಲಪಾತಕ್ಕೆ ಹೋಗಿದ್ದಿರಿ, ದಾರಿಯುದ್ದಕ್ಕೂ ವಾಂತಿ ಮಾಡಿದ್ದೂ ನೀನೇ. ಅದನ್ನು ಕೊಂಡದ್ದು 2014ರ ಮೇ ತಿಂಗಳಲ್ಲಿ, ಬ್ಯಾಂಕ್ ಸಾಲದಲ್ಲಿ. ನಿನ್ನ ದೊಡ್ಡಪ್ಪನೂ ನಾನೂ ಒಟ್ಟಿಗೆ ಹೋಗಿದ್ದೆವು. ಪುಸ್ತಕದ ದಪ್ಪದ ಕಾಗದದ ಕಟ್ಟು ಮುಂದಿಟ್ಟರು. ಇಂಟು ಗುರುತು ಹಾಕಿದ್ದ ಕಡೆಯೆಲ್ಲ ದೊಡ್ಡಪ್ಪ ಸಹಿ ಹಾಕುತ್ತಾ ಹೋದರು. ಅವರ ಸಹಿಯ ಕೊನೆಯ ಬಾಲ ಎಷ್ಟುದ್ದ ಅಂತ ನಿನಗೆ ಗೊತ್ತಲ್ಲ, ಪ್ರತಿ ಹಾಳೆಯಲ್ಲೂ ಅದು ಕೆಳಗಿನ ಸಾಲಿನ ಮೇಲೆ ಹೋಗಿ ಬೀಳುತ್ತಿತ್ತು. ನಾನು ಪಕ್ಕದಲ್ಲಿ ಕೂತು ಹಾಳೆ ತಿರುಗಿಸಿಕೊಟ್ಟೆ. ಒಂದು ಸಾಲನ್ನೂ ಓದಲಿಲ್ಲ. ಹೊರಗೆ ಮಳೆ ಕಟ್ಟಿತ್ತು, ಕಣದಲ್ಲಿ ಮೆಣಸು ಹರವಿ ಬಂದಿದ್ದೆವು, ಮನಸ್ಸೆಲ್ಲ ಅದರ ಮೇಲೆ.

2019ರ ಡಿಸೆಂಬರಿನಲ್ಲಿ ಸಾಲ ತೀರಿತು. ಬ್ಯಾಂಕಿನವರು ಬಾಕಿಯಿಲ್ಲವೆಂಬ ಪತ್ರ ಕೊಟ್ಟರು. ಅದನ್ನೂ ಫಾರಂ 35ನ್ನೂ ಹಿಡಿದು ಮಡಿಕೇರಿಯ ಆರ್‌ಟಿಒ ಕಚೇರಿಗೆ ಹೋಗಿ ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಿದೆವು. ಎಲ್ಲ ಋಣ ಹರಿಯಿತು ಅಂದುಕೊಂಡೆವು. 2020ರ ಮೇನಲ್ಲಿ ಲಾಕ್‌ಡೌನು. ಪಾಲಿಸಿ ಮುಗಿಯುತ್ತಿದೆಯೆಂದು ನೆನಪಾಗಿ, ಪರಿಚಯದ ಏಜೆಂಟ್ ಹುಡುಗನಿಗೆ ಫೋನು ಮಾಡಿ ಬೇರೆ ಕಂಪನಿಯಲ್ಲಿ ಮಾಡಿಸಿದೆವು. ಮರುವರ್ಷವೂ ಅವನೇ ಮಾಡಿಕೊಟ್ಟ. ಆ ಎರಡು ವರ್ಷ ಬ್ಯಾಂಕಿನ ಕಡೆ ತಲೆ ಹಾಕಿರಲಿಲ್ಲ. 2021ರ ಅಕ್ಟೋಬರಿನಲ್ಲಿ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿದಾಗ ಯಂತ್ರ ಕಿರ್ ಕಿರ್ ಎಂದು ನಾಲ್ಕು ಪುಟ ತುಂಬಿಸಿತು. ಮನೆಗೆ ಬಂದು ಕನ್ನಡಕ ಹಾಕಿಕೊಂಡು ಸಾಲು ಸಾಲಾಗಿ ನೋಡುತ್ತಾ ಹೋದೆ. 2020ರ ಮೇ, 7,340 ರೂಪಾಯಿ. 2021ರ ಮೇ, 6,980 ರೂಪಾಯಿ. ಎರಡೂ ಹಳೇ ವಿಮಾ ಕಂಪನಿಯ ಹೆಸರಿಗೆ. ಒಂದೇ ಕಾರಿಗೆ ಎರಡು ವರ್ಷ ಎರಡೆರಡು ಇನ್ಶೂರೆನ್ಸ್.

ಮರುದಿನ ಬ್ಯಾಂಕಿಗೆ ಹೋದೆ. ನಾನು ಹೇಳೇ ಇಲ್ಲ, ಸಾಲ ತೀರಿದ ಮೇಲೆ ನೀವು ಹೇಗೆ ತೆಗೆದಿರಿ ಎಂದು ಕೇಳಿದೆ. ಅಲ್ಲಿದ್ದ ಹುಡುಗ ಒಳಗಿನಿಂದ ಹಳೇ ಫೈಲು ತಂದು, ಬೆರಳಿಗೆ ನೀರು ಮುಟ್ಟಿಸಿಕೊಂಡು ಹಾಳೆ ತಿರುಗಿಸಿ ನನ್ನ ಮುಂದಿಟ್ಟ. ಹದಿನಾಲ್ಕನೆಯ ಹಾಳೆ. ಪ್ರತಿ ವರ್ಷ ಪ್ರೀಮಿಯಂ ಹಣವನ್ನು ಖಾತೆಯಿಂದ ತೆಗೆದು ಕಂಪನಿಗೆ ಕಟ್ಟಲು ಒಪ್ಪಿಗೆ ಇದೆ, ಲಿಖಿತವಾಗಿ ಹಿಂದಕ್ಕೆ ಪಡೆಯುವವರೆಗೆ ಇದು ಜಾರಿಯಲ್ಲಿರುತ್ತದೆ ಎಂದು ಇಂಗ್ಲಿಷಿನಲ್ಲಿತ್ತು. ಕೆಳಗೆ ದೊಡ್ಡಪ್ಪನ ಸಹಿ, ಉದ್ದದ ಬಾಲ ಸಮೇತ. ಸಾಲದ ಒಪ್ಪಂದ ಬೇರೆ, ಈ ಒಪ್ಪಿಗೆ ಬೇರೆ. ಸಾಲ ತೀರಿದರೂ ಇದು ತೀರಿರಲಿಲ್ಲ. ನಾವು ಮರೆತ ಮೇಲೂ ಐದು, ಆರು, ಏಳನೆಯ ವರ್ಷ ಅದು ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಲೇ ಇತ್ತು.

ಅನಘಾ, ಅಷ್ಟು ಹೆಬ್ಬೆರಳುಗಳನ್ನು ಹಿಡಿದು ಹೂಂ ಅನ್ನಿಸಿದವಳು ನಾನು. ನಮ್ಮದೇ ಕಾಗದವನ್ನು ಓದಲಿಲ್ಲ. ಬ್ಯಾಂಕಿನ ಮೇಲೆ ಬಂದ ಸಿಟ್ಟು ಆ ಹಾಳೆ ನೋಡಿದ ಮೇಲೆ ಉಳಿಯಲಿಲ್ಲ. 2021ರ ಪಾಲಿಸಿ ಇನ್ನೂ ನಡೆಯುತ್ತಿದ್ದರಿಂದ, ಬೇರೆ ಕಂಪನಿಯ ಪಾಲಿಸಿಯ ಪ್ರತಿ ಇಟ್ಟು ಅರ್ಜಿ ಕೊಟ್ಟಾಗ ಉಳಿದ ತಿಂಗಳುಗಳ ಹಣ ವಾಪಸು ಬಂತು. 2020ರದ್ದು ಅವಧಿ ಮುಗಿದುಹೋಗಿತ್ತು, ಹೋದದ್ದು ಹೋಯಿತು. ಒಪ್ಪಿಗೆಯನ್ನು ಹಿಂದಕ್ಕೆ ಪಡೆದಿದ್ದೇವೆಂದು ಎರಡು ಪ್ರತಿ ಬರೆದು, ಒಂದರ ಮೇಲೆ ಬ್ಯಾಂಕಿನ ಸೀಲು ಹಾಕಿಸಿಕೊಂಡು ಬಂದೆ. ಆ ಪ್ರತಿ ಈಗಲೂ ಬೀರುವಿನಲ್ಲಿದೆ.

ಇಲ್ಲಿಗೆ ಮುಗಿದಿದ್ದರೆ ಈ ಕಾಗದವೂ ಚಿಕ್ಕದಾಗುತ್ತಿತ್ತು. ನಾನು ಇನ್ನೊಂದು ತಪ್ಪು ಮಾಡಿದೆ, ಮೊದಲನೆಯದಕ್ಕಿಂತ ದೊಡ್ಡದು.

2022ರ ಮೇ ಬಂತು. ಬ್ಯಾಂಕು ಈಗ ಕಟ್ಟುವುದಿಲ್ಲ. ಏಜೆಂಟ್ ಹುಡುಗ ಆ ಕೆಲಸ ಬಿಟ್ಟು ಬೆಂಗಳೂರಿಗೆ ಹೋಗಿದ್ದ. ತಾನಾಗಿ ಆಗುವುದನ್ನು ನಾನೇ ನಿಲ್ಲಿಸಿದ್ದೆ, ಆದರೆ ಅದರ ಜಾಗದಲ್ಲಿ ಏನನ್ನೂ ಇಟ್ಟಿರಲಿಲ್ಲ. ಮೇ 28ಕ್ಕೆ ಪಾಲಿಸಿ ಮುಗಿದದ್ದು ನಮ್ಮಿಬ್ಬರಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ಆ ವರ್ಷ ಜೂನ್ ಕೊನೆಯಲ್ಲಿ ಚೆಂಬು, ಕರಿಕೆ ಕಡೆ ಭೂಮಿ ನಡುಗಿದ್ದು ನಿನಗೆ ನೆನಪಿರಬಹುದು. 2018ರ ಭೂಕುಸಿತವನ್ನು ಕಂಡ ಜನ ನಾವು. ನೆಲ ಅಲುಗಿತೆಂದರೆ ಕಾರಿನ ಕಾಗದ ಯಾರಿಗೆ ನೆನಪಾಗುತ್ತದೆ? ಜುಲೈ ಮೊದಲ ವಾರದ ಗಾಳಿಗೆ ಶೆಡ್ಡಿನ ಪಕ್ಕದ ಸಿಲ್ವರ್ ಓಕಿನ ಕೊಂಬೆಯೊಂದು ಮುರಿದು ಶೆಡ್ಡಿನ ಶೀಟು ಸಮೇತ ಕಾರಿನ ಮೇಲೆ ಬಿತ್ತು. ಕಾರಿನ ಚಾವಣಿ ತಗ್ಗಿತು, ಮುಂದಿನ ಗಾಜು ಪುಡಿಯಾಯಿತು. ಇನ್ಶೂರೆನ್ಸ್ ಇದೆಯಲ್ಲ ಎಂದು ಧೈರ್ಯವಾಗಿ ಫೈಲು ತೆಗೆದೆ. ತಾರೀಕು ನೋಡಿದಾಗ ಕೈ ತಣ್ಣಗಾಯಿತು.

ರಿಪೇರಿಗೆ 32,000 ರೂಪಾಯಿ ನಮ್ಮ ಕೈಯಿಂದ ಹೋಯಿತು. ಅದು ದುಡ್ಡಿನ ಮಾತು, ಬಿಡು. ರಾತ್ರಿ ನಿದ್ದೆ ಬಿಡಿಸಿದ್ದು ಬೇರೆ. ಆ ಐದೂವರೆ ವಾರದಲ್ಲಿ ದೊಡ್ಡಪ್ಪ ಕುಶಾಲನಗರಕ್ಕೆ ಮೂರು ಸಲ, ಮೈಸೂರಿನ ಆಸ್ಪತ್ರೆಗೆ ಒಂದು ಸಲ ಕಾರು ಓಡಿಸಿಕೊಂಡು ಹೋಗಿದ್ದರು. ಮಂಜು ಕವಿದ ತಿರುವಿನಲ್ಲಿ ಯಾರಿಗಾದರೂ ತಾಗಿದ್ದರೆ? ಇನ್ನೊಬ್ಬರಿಗೆ ಆಗುವ ಹಾನಿಯ ವಿಮೆ, ಅಂದರೆ ಥರ್ಡ್ ಪಾರ್ಟಿ, ಇಲ್ಲದೆ ಗಾಡಿ ರಸ್ತೆಗೆ ಇಳಿಯಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯೇ ಹೇಳುತ್ತದೆ. ಸಿಕ್ಕಿಬಿದ್ದರೆ ಮೊದಲ ಸಲ 2,000 ರೂಪಾಯಿ ದಂಡ, ಜೈಲೂ ಆಗಬಹುದು. ದಂಡ ಹೋಗಲಿ, ಒಂದು ಜೀವಕ್ಕೆ ಏನಾದರೂ ಆಗಿದ್ದರೆ ನ್ಯಾಯಮಂಡಳಿ ಹೇಳುವ ಪರಿಹಾರವನ್ನು ತೋಟ ಮಾರಿ ಕೊಡಬೇಕಿತ್ತು. ತೋಟ ಮಾರಿದರೂ ಆ ಮನೆಯವರ ಮುಖ ನೋಡುವುದು ಹೇಗೆ?

ಅವಧಿ ಮುಗಿದ ಪಾಲಿಸಿಯನ್ನು ಮತ್ತೆ ಮಾಡಿಸುವುದು ಎಷ್ಟು ಕಷ್ಟ ಎಂಬುದೂ ಆಗ ಗೊತ್ತಾಯಿತು. ಥರ್ಡ್ ಪಾರ್ಟಿ ತಕ್ಷಣ ಸಿಕ್ಕಿತು. ಸ್ವಂತ ಹಾನಿಯ ಭಾಗಕ್ಕೆ ಮಾತ್ರ ಕಾರನ್ನು ಪರೀಕ್ಷಿಸಿಯೇ ಕೊಡುತ್ತೇವೆಂದರು. ರಿಪೇರಿ ಆದ ಮೇಲೆ ಕಾರಿನ ಸುತ್ತ ಸುತ್ತಿ ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸಬೇಕು. ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಶನಿವಾರಸಂತೆ ರಸ್ತೆಯ ದಿಬ್ಬದವರೆಗೆ ಹೋಗಿ, ಒಬ್ಬರು ಕೊಡೆ ಹಿಡಿದು ಒಬ್ಬರು ಫೋಟೊ ತೆಗೆದೆವು. ಮಳೆಹನಿ ಬಿದ್ದು ಮಸುಕಾಗಿದೆ ಎಂದು ಮತ್ತೆ ಕೇಳಿದರು, ಮತ್ತೆ ಹೋದೆವು. ಒಂದೇ ಪುಣ್ಯವೆಂದರೆ ಮುಗಿದು 90 ದಿನ ದಾಟಿರಲಿಲ್ಲ. ದಾಟಿದ್ದರೆ ಅಷ್ಟು ವರ್ಷ ಕ್ಲೇಮು ಮಾಡದೆ ಕೂಡಿಸಿದ ಶೇಕಡಾ 50ರ ನೋ ಕ್ಲೇಮ್ ಬೋನಸ್ಸೂ ಹೋಗುತ್ತಿತ್ತು.

ತಾನಾಗಿ ಕಟ್ಟಿಹೋಗುವುದೆಲ್ಲ ಕೆಟ್ಟದ್ದು ಅಂತ ತಿಳಿಯಬೇಡ. ದೊಡ್ಡಪ್ಪನ ಪಾಸ್‌ಬುಕ್ಕಿನಲ್ಲಿ ಪ್ರತಿ ವರ್ಷ ಮೇ ಕೊನೆಗೆ 20 ರೂಪಾಯಿಯ ಒಂದು ಸಾಲು ಬರುತ್ತದೆ, ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯದು. 2022ಕ್ಕೆ ಮೊದಲು ಅದು 12 ರೂಪಾಯಿ ಇತ್ತು. ನಮ್ಮ ಹತ್ತಿರದ ತೋಟದ ಲೈನ್ ಮನೆಯ ಒಬ್ಬಾತ ಮೆಣಸು ಕೊಯ್ಯುವಾಗ ಏಣಿ ಜಾರಿ ಬಿದ್ದು ತೀರಿಕೊಂಡ. ಅವನ ಹೆಂಡತಿಗೆ ಇಂಥದ್ದೊಂದು ವಿಮೆ ಇದೆಯೆಂದೇ ತಿಳಿದಿರಲಿಲ್ಲ. ಪಾಸ್‌ಬುಕ್ಕನ್ನು ನಾನು ನೋಡಿದಾಗ ಆ 12 ರೂಪಾಯಿಯ ಸಾಲು ಕಂಡಿತು. ಅರ್ಜಿ ಬರೆದುಕೊಟ್ಟೆ, ಎರಡು ಲಕ್ಷ ಬಂತು. ಅವನು ಮರೆತಿದ್ದರೂ ಆ ಒಪ್ಪಿಗೆ ಮರೆತಿರಲಿಲ್ಲ. ಹಾಗಾಗಿ ಆಟೋ ಡೆಬಿಟ್ಟನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಆದರೆ 20 ರೂಪಾಯಿಯ ಆ ವಿಮೆಗೆ ಎಲ್ಲರಿಗೂ ಒಂದೇ ದರ, ಅದರಲ್ಲಿ ಆರಿಸುವುದಕ್ಕೇನೂ ಇಲ್ಲ. ಕಾರಿನ ವಿಮೆ ಹಾಗಲ್ಲ. ಅದು ವರ್ಷಕ್ಕೊಂದು ಸಲ ಕೂತು ನೋಡಬೇಕಾದ ಲೆಕ್ಕ.

ಈಗ ನಿನ್ನ 11,400ಕ್ಕೆ ಬರುತ್ತೇನೆ. ನೀನು ಕಾರು ಕೊಂಡದ್ದು 2022ರ ಆಗಸ್ಟಿನಲ್ಲಿ. 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿಯನ್ನು ಒಟ್ಟಿಗೇ ಕಟ್ಟಿಸಿಕೊಳ್ಳುತ್ತಾರೆ, ಸುಪ್ರೀಂ ಕೋರ್ಟು ಹೇಳಿದ ಮೇಲೆ ಬಂದ ನಿಯಮ. ಹಾಗಾಗಿ ಹೋದ ಎರಡು ವರ್ಷ ನೀನು ಕಟ್ಟಿದ್ದು ಸ್ವಂತ ಹಾನಿಯ ಭಾಗ ಮಾತ್ರ. ಈ ಆಗಸ್ಟಿಗೆ ಆ ಮೂರು ವರ್ಷ ಮುಗಿಯುತ್ತದೆ, ಅದಕ್ಕೇ ಈ ಸಲದ ಮೊತ್ತಕ್ಕೆ ಥರ್ಡ್ ಪಾರ್ಟಿಯೂ ಸೇರಿಕೊಂಡಿದೆ. 1000ದಿಂದ 1500 ಸಿಸಿಯ ಕಾರಿಗೆ 2022ರ ಜೂನ್ 1ರಿಂದ ಜಾರಿಗೆ ಬಂದ ದರ 3,416 ರೂಪಾಯಿ, ಮೇಲೆ ತೆರಿಗೆ. ಅದನ್ನು ನಿಗದಿ ಮಾಡುವುದು ಕೇಂದ್ರ ಸರ್ಕಾರ, ಯಾವ ಕಂಪನಿಯಲ್ಲೂ ಅದರಲ್ಲಿ ಹೆಚ್ಚುಕಡಿಮೆ ಇಲ್ಲ. ಮೊತ್ತ ಹೆಚ್ಚಿದ್ದಕ್ಕೆ ಅಷ್ಟರಮಟ್ಟಿಗೆ ಕಂಪನಿಯನ್ನು ದೂರಬೇಡ.

ಉಳಿದದ್ದನ್ನು ಮಾತ್ರ ಒಂದೊಂದೇ ಸಾಲು ಓದು. ಕಾರಿನ ಬೆಲೆ ಎಂದು ಎಷ್ಟು ಬರೆದಿದ್ದಾರೆ, ಐಡಿವಿ ಅಂತಾರಲ್ಲ, ಅದನ್ನು ನೋಡು. ಕಾರು ಕಳೆದುಹೋದರೆ ಅಥವಾ ಪೂರ್ತಿ ಹಾಳಾದರೆ ಸಿಗುವುದು ಅದರ ಮೇಲೆಯೇ, ಪ್ರೀಮಿಯಂ ತಗ್ಗಿಸಲು ಅದನ್ನು ಸುಮ್ಮನೆ ಇಳಿಸಿಕೊಳ್ಳಬೇಡ. ನೀನು ಒಂದು ಸಲವೂ ಕ್ಲೇಮು ಮಾಡಿಲ್ಲ, ಹಾಗಾದರೆ ಮೂರನೇ ವರ್ಷದ ಬೋನಸ್ಸು ಶೇಕಡಾ 35 ಇರಬೇಕು, ಹಾಕಿದ್ದಾರೆಯೇ ನೋಡು. ಆ ಬೋನಸ್ಸು ನಿನ್ನದು, ಕಂಪನಿ ಬದಲಿಸಿದರೂ ನಿನ್ನ ಜೊತೆಗೇ ಬರುತ್ತದೆ. ಮಾಲೀಕ ಚಾಲಕನ ವೈಯಕ್ತಿಕ ಅಪಘಾತ ವಿಮೆ ಎಂದು ಒಂದು ಸಾಲಿರುತ್ತದೆ. ನಿನ್ನ ಹೆಸರಿನಲ್ಲಿ 15 ಲಕ್ಷದ್ದು ಬೇರೆ ಕಡೆ ಈಗಾಗಲೇ ಇದ್ದರೆ ಇದನ್ನು ಮತ್ತೆ ಕೊಳ್ಳಬೇಕಿಲ್ಲ, 2019ರಿಂದ ಹಾಗೆ ಮಾಡಿದ್ದಾರೆ. ತಾನಾಗಿ ಆಗುವ ರಿನೀವಲ್ಲಿನಲ್ಲಿ ಇಂಥದ್ದನ್ನು ಯಾರು ಕೇಳುತ್ತಾರೆ? ಹೋದ ವರ್ಷ ಏನಿತ್ತೋ ಅದರ ಮೇಲೆ ಇನ್ನೊಂದಿಷ್ಟು ಸೇರಿ ಬರುತ್ತದೆ.

ಸ್ವಂತ ಹಾನಿಯ ಭಾಗವನ್ನು ಬಿಟ್ಟು ಬರೀ ಥರ್ಡ್ ಪಾರ್ಟಿಗೆ ಇಳಿಯುವ ಯೋಚನೆ ಮಾತ್ರ ಬೇಡ. ನೀನು ತಿಂಗಳಿಗೊಮ್ಮೆ ಈ ಘಟ್ಟ ಹತ್ತಿ ಬರುವವಳು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡಗಳೇ ಇಳಿದು ಬಂದಾಗ ನಮ್ಮ ಪರಿಚಯದವರೊಬ್ಬರ ಕಾರು ಮಣ್ಣಿನಡಿ ಹೋಯಿತು. ಪೂರ್ತಿ ಪಾಲಿಸಿ ಇತ್ತು, ಪ್ರವಾಹವೂ ಭೂಕುಸಿತವೂ ಅದರಲ್ಲಿ ಸೇರಿರುತ್ತದೆ, ಹಣ ಬಂತು. ಅವರ ನೆಂಟರದ್ದು ಬರೀ ಥರ್ಡ್ ಪಾರ್ಟಿ, ಅವರಿಗೆ ಏನೂ ಬರಲಿಲ್ಲ. ಇನ್ನೊಂದು ಮಾತು, ನೀರು ನುಗ್ಗಿದ ಕಾರನ್ನು ಸ್ಟಾರ್ಟು ಮಾಡಬಾರದು. ಹಾಗೆ ಮಾಡಿ ಇಂಜಿನ್ ಹೋದರೆ ಅದು ಸಾಮಾನ್ಯ ಪಾಲಿಸಿಗೆ ಸೇರುವುದಿಲ್ಲ ಎಂದು ತಕರಾರು ಬರುತ್ತದೆ.

ನೀನು ಹೂಂ ಅಂದಿಲ್ಲ ಅನ್ನುತ್ತೀಯಲ್ಲ ಮಗಾ, ಹೋದ ವರ್ಷ ಮೊಬೈಲಿನಲ್ಲಿ ಕಟ್ಟುವಾಗ ಒಂದು ಚಿಕ್ಕ ಚೌಕದಲ್ಲಿ ಮೊದಲೇ ಬಿದ್ದಿದ್ದ ಟಿಕ್ ಮಾರ್ಕನ್ನು ನೀನು ತೆಗೆಯದೆ ಬಿಟ್ಟಿರಬೇಕು. ಅದೇ ನಿನ್ನ ಹದಿನಾಲ್ಕನೆಯ ಹಾಳೆ. ನಮ್ಮ ಕಾಲಕ್ಕಿಂತ ಈಗ ಒಂದು ಅನುಕೂಲ ಇದೆ. ಕಾರ್ಡಿನಿಂದ ಅಥವಾ ಯುಪಿಐಯಿಂದ ಹೀಗೆ ಮತ್ತೆ ಮತ್ತೆ ತೆಗೆಯುವ ಹಣಕ್ಕೆ ರಿಸರ್ವ್ ಬ್ಯಾಂಕು 2021ರ ಅಕ್ಟೋಬರಿನಿಂದ ನಿಯಮ ಬಿಗಿ ಮಾಡಿದೆ. ತೆಗೆಯುವುದಕ್ಕೆ ಕನಿಷ್ಠ 24 ಗಂಟೆ ಮೊದಲು ನಿನಗೆ ತಿಳಿಸಬೇಕು, ಬೇಡವೆನ್ನಲು ದಾರಿ ಇರಬೇಕು. ಆದರೆ ವಿಮೆಯ ಪ್ರೀಮಿಯಂ ಒಂದು ಲಕ್ಷದವರೆಗೆ ಒಟಿಪಿ ಕೇಳದೆಯೇ ಹೋಗಬಹುದು, 2023ರ ಡಿಸೆಂಬರಿನಿಂದ. ಆದ್ದರಿಂದ ಒಟಿಪಿ ಬರುತ್ತದೆ, ಆಗ ನೋಡಿಕೊಳ್ಳೋಣ ಎಂದು ಕೂರಬೇಡ.

ನಾನು ಹೇಳಬೇಕೆಂದು ಕೂತದ್ದು ಇದು. ಮೊದಲು ಹೊಸ ಪಾಲಿಸಿಯನ್ನು ಕೈಗೆ ತೆಗೆದುಕೋ, ಆಮೇಲೆ ಹಳೆಯ ಒಪ್ಪಿಗೆಯನ್ನು ಬಿಡಿಸು. ಈ ಎರಡರ ಕ್ರಮವನ್ನು ನಾನು ತಪ್ಪಿಸಿದ್ದೆ. ನಾಲ್ಕು ಕಡೆ ದರ ಕೇಳು, ಹಳೇ ಕಂಪನಿಯನ್ನೂ ಕೇಳು, ಕೆಲವೊಮ್ಮೆ ಕೇಳಿದವರಿಗೆ ಅವರೇ ಇಳಿಸುತ್ತಾರೆ. ಯಾವುದು ಸರಿ ಕಂಡಿತೋ ಅದನ್ನು ಆಗಸ್ಟ್ 14ರ ಮಧ್ಯರಾತ್ರಿ ಹಳೆಯದು ಮುಗಿಯುವ ಗಳಿಗೆಗೇ ಶುರುವಾಗುವ ಹಾಗೆ ಈಗಲೇ ತೆಗೆದುಕೋ, ಮುಂಚಿತವಾಗಿ ಕೊಡುತ್ತಾರೆ. ಪಾಲಿಸಿ ಕೈಗೆ ಬಂದ ದಿನವೇ ನಿನ್ನ ಯುಪಿಐ ಆಪಿನಲ್ಲಿ ಆಟೋಪೇ ಎಂಬಲ್ಲಿಗೆ ಹೋಗಿ ಹಳೇ ಕಂಪನಿಯ ಮ್ಯಾಂಡೇಟನ್ನು, ಅಂದರೆ ಆ ಒಪ್ಪಿಗೆಯನ್ನು, ರದ್ದು ಮಾಡು. ಕಂಪನಿಗೂ ಒಂದು ಇಮೇಲ್ ಬರೆದು, ಮುಂದುವರಿಸುವುದು ಬೇಡವೆಂದು ತಿಳಿಸಿ, ಉತ್ತರ ಬರುವವರೆಗೆ ಬಿಡಬೇಡ. ಮೆಸೇಜಿನಲ್ಲಿರುವ ಲಿಂಕನ್ನು ಮಾತ್ರ ಒತ್ತಬೇಡ. ನಿಜವಾದ ಕಂಪನಿಯ ಹೆಸರಿನಲ್ಲಿ ಬರುವ ಸುಳ್ಳು ಮೆಸೇಜುಗಳೂ ಇವೆ. ನೀನಾಗಿಯೇ ಆಪನ್ನು ತೆರೆದು ನೋಡು.

ಈ ಕಾಗದ ಬರುವಷ್ಟರಲ್ಲಿ ದುಡ್ಡು ಹೋಗಿಬಿಟ್ಟಿದ್ದರೆ ಹೆದರಬೇಡ. 2024ರ ಜೂನಿನಿಂದ ವಿಮಾ ಪ್ರಾಧಿಕಾರ, ಹೈದರಾಬಾದಿನ ಐಆರ್‌ಡಿಎಐ, ಒಂದು ಒಳ್ಳೆಯ ಕೆಲಸ ಮಾಡಿದೆ. ಒಂದು ವರ್ಷದ ಪಾಲಿಸಿಯನ್ನು ಕಾರಣ ಕೊಡದೆಯೇ ರದ್ದು ಮಾಡಿಸಬಹುದು. ಕ್ಲೇಮು ಮಾಡಿರದಿದ್ದರೆ ಉಳಿದ ಅವಧಿಯ ಹಣವನ್ನು ಲೆಕ್ಕ ಹಾಕಿ ಹಿಂತಿರುಗಿಸಬೇಕು. ಥರ್ಡ್ ಪಾರ್ಟಿ ಇಲ್ಲದೆ ಕಾರು ಇರಬಾರದಾದ್ದರಿಂದ ಬೇರೆ ಪಾಲಿಸಿ ಇರುವುದನ್ನು ತೋರಿಸಬೇಕಾಗುತ್ತದೆ, ಅಷ್ಟೆ. ಬೇಗ ಕೇಳಿದಷ್ಟೂ ಹೆಚ್ಚು ಬರುತ್ತದೆ. ನನ್ನ ಹಾಗೆ ಅಕ್ಟೋಬರಿನವರೆಗೆ ಬಿಡಬೇಡ. ಅವರು ಕಿವಿಗೆ ಹಾಕಿಕೊಳ್ಳದಿದ್ದರೆ ಅವರದೇ ದೂರು ವಿಭಾಗಕ್ಕೆ ಬರೆ, ಬಿಮಾ ಭರೋಸಾ ಪೋರ್ಟಲ್ಲಿನಲ್ಲಿ ಹಾಕು, ಇಲ್ಲವೇ 155255ಕ್ಕೆ ಫೋನು ಮಾಡು. ಒಂದು ತಿಂಗಳಾದರೂ ಉತ್ತರವಿಲ್ಲದಿದ್ದರೆ ಬೆಂಗಳೂರಿನ ಜೆ.ಪಿ. ನಗರದಲ್ಲಿ ವಿಮಾ ಓಂಬುಡ್ಸ್‌ಮನ್ ಕಚೇರಿ ಇದೆ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಡ, ಬರೆದು ಕೊಟ್ಟರೆ ಸಾಕು. ಬರೆಯಲು ಕಷ್ಟವಾದರೆ ನನಗೆ ಹೇಳು. ಅರ್ಜಿ ಬರೆಯುವುದು ನನಗೆ ಅಕ್ಕಿರೊಟ್ಟಿ ತಟ್ಟಿದಷ್ಟೇ ಸಲೀಸು.

ಬರೆಯುತ್ತಾ ಬರೆಯುತ್ತಾ ಹಾಳೆ ಮುಗಿಯಿತು. ಕರೆಂಟು ಇನ್ನೂ ಬಂದಿಲ್ಲ. ದೊಡ್ಡಪ್ಪ ಮಳೆಯಲ್ಲೇ ಹೋಗಿ ಕಳಲೆ ತಂದಿದ್ದಾರೆ, ಎರಡು ದಿನ ನೆನೆಸಿ ನೀರು ಬದಲಿಸಿ ಉಪ್ಪಿನಕಾಯಿ ಹಾಕುತ್ತೇನೆ, ನೀನು ಬರುವಾಗ ಸಿದ್ಧವಿರುತ್ತದೆ. ಕಾಫಿಪುಡಿ ಕಾಲು ಕೆಜಿ ಬೇರೆ ಪಾರ್ಸೆಲ್ಲಿನಲ್ಲಿ ಕಳಿಸುತ್ತಿದ್ದೇನೆ. ಬರುವಾಗ ಮಾದಾಪುರದ ಕಡೆಯಿಂದ ಬರಬೇಡ, ರಸ್ತೆಯ ಬದಿ ಕುಸಿದಿದೆ ಎನ್ನುತ್ತಾರೆ. ಕುಶಾಲನಗರದ ದಾರಿಯಲ್ಲೇ ಬಾ, ಬೆಳಕಿರುವಾಗಲೇ ಬಾ.

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆಗಸ್ಟ್ ಹಾಳೆ ತಿರುಗಿಸಿ 14ರ ಸುತ್ತ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ "ಅನಘಾ ಕಾರು" ಎಂದು ಬರೆದಿದ್ದೇನೆ. ಪಕ್ಕದಲ್ಲೇ 1ನೇ ತಾರೀಕಿಗೂ ಒಂದು ಸುತ್ತು ಹಾಕಿದೆ. ಅವತ್ತು ಟವರು ಇದ್ದರೆ ಫೋನು ಮಾಡುತ್ತೇನೆ, ಇಲ್ಲದಿದ್ದರೆ ಆ ದಿಬ್ಬದವರೆಗೆ ಹೋಗಿಯಾದರೂ ಮಾಡುತ್ತೇನೆ. ಹೊಸ ಪಾಲಿಸಿಯ ನಂಬರನ್ನು ಓದಿ ಹೇಳು, ಬರೆದಿಟ್ಟುಕೊಳ್ಳುತ್ತೇನೆ.

ಇತಿ ನಿನ್ನ
ದೊಡ್ಡಮ್ಮ